ನಲವತ್ತೇಳನೇ ನಂಬರಿನ ಮನೆಯಲ್ಲಿ ಇಬ್ಬರೇ

ಸರಕಾರದ ದಫ್ತರವೊಂದು ನನ್ನ ಬಗಲಿಗೆ ಬಂತೆಂದರೆ ಎದುರಿಗಿದ್ದವರ ಬುದ್ಧಿ ಎಲ್ಲಿಗೋ ಹೋಗಿಬಿಡುತ್ತದೆ. ಜನ್ಮದಲ್ಲಿ ಸುಳ್ಳಾಡದವರು ಸುಳ್ಳು ಹೇಳುತ್ತಾರೆ, ಎರಡು ಮಾತಿಗಿಂತ ಹೆಚ್ಚು ಆಡದವರು ಇಡೀ ಪುರಾಣ ಬಿಚ್ಚುತ್ತಾರೆ. ನನ್ನ ಬುದ್ಧಿಯಾದರೂ ನೆಟ್ಟಗಿರುತ್ತದೆಯೇ ಅಂದರೆ ಅದೂ ಇಲ್ಲ. ನಾನು ಜನಗಣತಿಗೆಂದು ಮನೆ ಮನೆ ತಿರುಗಿದ ವರ್ಷ ನಡೆದದ್ದನ್ನು ಹೇಳುತ್ತೇನೆ, ತಪ್ಪು ಯಾರದೆಂದು ನೀವೇ ನೋಡಿಕೊಳ್ಳಿ.

ಗಲಾಟೆಯ ದಿನಗಳೂ ಪೊಲೀಸ್ ಆ್ಯಕ್ಷನ್ನೂ ಮುಗಿದು ಎರಡು-ಮೂರು ವರ್ಷವಾಗಿತ್ತು. ನಿಜಾಮರ ಆಳ್ವಿಕೆ ಹೋಗಿತ್ತು, ಹೈದರಾಬಾದ್ ರಾಜ್ಯ ಮಾತ್ರ ಇನ್ನೂ ಹಾಗೇ ಇತ್ತು. ಬೀದರಿನ ಕಚೇರಿಗಳಲ್ಲಿ ಹಳೆಯ ಬೋರ್ಡು ಇಳಿಸಿ ಹೊಸ ಬೋರ್ಡು ಏರಿಸುವ ಕೆಲಸ ನಡೆದಿತ್ತು. ಕೆಲವು ಮನೆಗಳಿಗೆ ಬೀಗ ಬಿದ್ದಿತ್ತು, ಕೆಲವು ಮನೆಗಳಿಗೆ ಎಲ್ಲಿಂದಲೋ ಹೊಸಬರು ಬಂದಿದ್ದರು. ನಾನು ಭಾಲ್ಕಿ ತಾಲ್ಲೂಕಿನ ಮೆಹಕರದವನು, ಬೀದರಿನ ಒಂದು ಸಾಲೆಯಲ್ಲಿ ಹಂಗಾಮಿ ಮಾಸ್ತರ. ಹಂಗಾಮಿ ಮಾಸ್ತರನಿಗೆ ಬಾಡಿಗೆಗೆ ಖೋಲಿ ಸಿಗುವುದೇ ಕಷ್ಟ, ಇನ್ನು ಹೆಣ್ಣು ಸಿಗುವ ಮಾತು ದೂರ ಉಳಿಯಿತು. ಮೆಹಕರದಲ್ಲಿದ್ದ ನಮ್ಮ ಸೋದರಮಾವ ಪ್ರತಿ ಕಾಗದದಲ್ಲೂ ಒಂದೇ ಸಾಲು ಬರೆಯುತ್ತಿದ್ದರು: ಕಾಯಂ ಆದಿಯಾ ಇಲ್ಲಾ?

ಅಂಥ ಹೊತ್ತಿಗೆ ಗಣತಿ ಬಂತು. ತಹಸೀಲ್ ಕಚೇರಿಯ ದೊಡ್ಡ ಗುಮಾಸ್ತರು ಮಾಸ್ತರರನ್ನೆಲ್ಲ ಸಾಲಾಗಿ ಕೂಡಿಸಿ, ಯಾರ ದಫ್ತರದಲ್ಲಿ ಒಂದು ತಲೆಯೂ ಹೆಚ್ಚುಕಡಿಮೆ ಇರುವುದಿಲ್ಲವೋ ಅವರ ಹೆಸರು ಕಾಯಂ ಪಟ್ಟಿಯಲ್ಲಿ ಮೊದಲಿಗೆ ಹೋಗುತ್ತದೆ ಎಂದರು. ಕೋಟೆಗೋಡೆಯ ಒಳಗಿನ ಹಳೆಯ ಬೀದರಿನಲ್ಲಿ ಕೆಲವು ಓಣಿಗಳನ್ನು ನನಗೆ ಒಪ್ಪಿಸಿದರು. ಬಾಗಿಲುಗಳ ಮೇಲೆ ನಂಬರು ಬರೆಯಲು ಒಂದು ಡಬ್ಬಿ ಕೆಮ್ಮಣ್ಣು, ಒಂದು ಬ್ರಷ್ಷು, ಹೊರಲಾರದಷ್ಟು ದೊಡ್ಡ ದಫ್ತರ ಕೊಟ್ಟರು. ಮನೆಯ ಆದಾಯ ಬರೆದುಕೊಳ್ಳಲು ನಮ್ಮ ಕಚೇರಿಯವರು ತಮ್ಮ ಬುದ್ಧಿಯಿಂದ ಒಂದು ಹೆಚ್ಚಿನ ಹಾಳೆಯನ್ನೂ ಸೇರಿಸಿದ್ದರು. ಸುಳ್ಳು ಹೇಳಿದವರಿಗೆ ಶಿಕ್ಷೆ ಇದೆ ಎಂದು ಪ್ರತಿ ಮನೆಯಲ್ಲೂ ಮೊದಲು ಓದಿ ಹೇಳಬೇಕಿತ್ತು. ನಾನು ಅದನ್ನು ಸಾಲೆಯಲ್ಲಿ ಮಗ್ಗಿ ಹೇಳಿಸುವ ದನಿಯಲ್ಲಿ ಓದುತ್ತಿದ್ದೆ.

೧. ಕೂಸಿನ ಭಾಷೆ

ಮೊದಲನೆಯ ದಿನವೇ ಒಂದು ಎಣ್ಣೆ ವ್ಯಾಪಾರಿಯ ಮನೆಗೆ ಹೋದೆ. ಗಂಡ ಬೀದರಿನವನೇ, ಕನ್ನಡದವನು. ಹೆಂಡತಿ ಉದಗೀರ ಕಡೆಯವಳು, ಮರಾಠಿ. ಗಂಡನ ತಾಯಿ ಜಹೀರಾಬಾದ್ ಕಡೆಯಿಂದ ಬಂದವರು, ತೆಲುಗು. ಮೂವರ ಭಾಷೆಯನ್ನೂ ಬೇರೆ ಬೇರೆ ಬರೆದುಕೊಂಡೆ, ಅಲ್ಲಿಗೆ ಎಲ್ಲ ಸರಿಯಾಗಿತ್ತು. ಅಂಗಳದ ಗೋಡೆಯ ಪಕ್ಕದ ತೊಟ್ಟಿಲಲ್ಲಿ ಆರು ತಿಂಗಳ ಕೂಸಿತ್ತು. ಅದರ ಮಾತೃಭಾಷೆ ಯಾವುದೆಂದು ಕೇಳಿಬಿಟ್ಟೆ.

ಹಡೆದವಳು ನಾನು, ಆದ್ದರಿಂದ ಮರಾಠಿ ಎಂದಳು ಹೆಂಡತಿ. ಮನೆ ನನ್ನದು, ಆದ್ದರಿಂದ ಕನ್ನಡ ಎಂದ ಗಂಡ. ಹಗಲೂ ರಾತ್ರಿ ತೊಟ್ಟಿಲು ತೂಗುವವಳು ನಾನು, ಜೋಗುಳ ತೆಲುಗಿನದು ಎಂದರು ಅತ್ತೆ. ಜಗಳ ಏರುತ್ತ ಹೋಯಿತು. ಏರಿದಂತೆಲ್ಲ ಮೂವರೂ ತಮ್ಮ ತಮ್ಮ ಭಾಷೆ ಬಿಟ್ಟು ದಖ್ಖನಿ ಉರ್ದುವಿಗೆ ಇಳಿದರು. ನನಗೆ ಆಶ್ಚರ್ಯವಾಗಿ ಯಾಕೆ ಹೀಗೆ ಎಂದು ಕೇಳಿದೆ. ಗಂಡ ಜಗಳವನ್ನು ಒಂದು ಕ್ಷಣ ನಿಲ್ಲಿಸಿ, ಆಚೆ ಮನೆಯವರಿಗೆ ಉರ್ದು ಮಾತ್ರ ಸರಿಯಾಗಿ ಬರುತ್ತದೆ, ತಪ್ಪು ಯಾರದೆಂದು ಅವರಿಗೆ ತಿಳಿಯದಿದ್ದರೆ ಜಗಳವಾಡಿ ಏನು ಉಪಯೋಗ ಎಂದು ತಿಳಿಸಿ ಮತ್ತೆ ಮುಂದುವರಿಸಿದ.

ಆಚೆ ಮನೆಯ ಹೆಂಗಸು ಗೋಡೆಯ ಮೇಲೆ ಮುಖ ಇಟ್ಟುಕೊಂಡು ಎಲ್ಲವನ್ನೂ ಕೇಳುತ್ತಿದ್ದಳು. ನಡುವೆ ಕೈಚಾಚಿ ಕೂಸನ್ನು ಇಸಿಕೊಂಡಳು, ಅದು ರೂಢಿಯೆಂಬಂತೆ ಅವಳ ಹೆಗಲಿಗೆ ಒರಗಿತು. ಆಮೇಲೆ ನನ್ನ ಕಡೆ ತಿರುಗಿ, ಅಷ್ಟಿಷ್ಟು ಬರುವ ಕನ್ನಡದಲ್ಲಿ ಹೇಳಿದಳು: “ಮಾಸ್ತರ್ ಸಾಬ್, ಇವರು ಮೂರೂ ಮಂದಿ ದಿನಾ ಹಿಂಗೇ ಜಗಳಾಡ್ತಾರ. ಕೂಸು ದಿನಪೂರಾ ನನ್ನ ಬಲ್ಲೇ, ನನ್ನ ಹೆಗಲ ಮ್ಯಾಲೇ ಇರ್ತದ. ಉರ್ದು ಅಂತ ಬರೀರಿ.”

೨. ನಾಲ್ಕು ಮನೆಯ ಅಜ್ಜಿ

ಎರಡನೆಯ ವಾರ ಒಂದು ಓಣಿಯಲ್ಲಿ, ಗಣತಿಯ ಲೆಕ್ಕದ ಮೇಲೆ ರೇಷನ್ ಅಕ್ಕಿ ಕೊಡುತ್ತಾರೆಂದು ಸುದ್ದಿ ಹಬ್ಬಿತು. ಹಿಂದಿನ ದಿನ ನಾಲ್ವರಿದ್ದ ಮನೆಗಳಲ್ಲಿ ಒಂಬತ್ತು ಜನ ಕಾಣತೊಡಗಿದರು. ಅದು ನನಗೂ ರೂಢಿಯಾಗಿತ್ತು, ಮುಖ ನೋಡಿ ಬರೆಯುತ್ತೇನೆ, ಮುಖವಿಲ್ಲದ ಹೆಸರು ಬರೆಯುವುದಿಲ್ಲ ಎಂದು ಹಟ ಹಿಡಿದೆ.

ಮೊದಲನೆಯ ಮನೆಯಲ್ಲಿ ಒಳಗೆ ಮಂಚದ ಮೇಲೆ ಒಬ್ಬ ಅಜ್ಜಿ ಮಲಗಿದ್ದಳು, ಕೆಂಪು ಕೌದಿ ಹೊದ್ದಿದ್ದಳು. ಬರೆದುಕೊಂಡೆ. ಎರಡನೆಯ ಮನೆಯಲ್ಲೂ ಒಬ್ಬ ಅಜ್ಜಿ, ಮಂಚ, ಕೆಂಪು ಕೌದಿ. ಬರೆದುಕೊಂಡೆ. ಮೂರನೆಯ ಮನೆಯವರು ನನ್ನನ್ನು ಕಟ್ಟೆಯ ಮೇಲೆ ಕೂಡಿಸಿ ಚಹಾ ಕೊಟ್ಟು ಬಹಳ ಹೊತ್ತು ಮಾತಿಗೆಳೆದರು. ಒಳಗಿನಿಂದ ಮಂಚದ ಕಾಲು ಗೋಡೆಗೆ ಬಡಿದ ಸದ್ದು, ಯಾರೋ ಏದುಸಿರು ಬಿಡುವ ಸದ್ದು ಕೇಳಿಸಿತು. ಒಳಗೆ ಹೋದರೆ ಅಜ್ಜಿ, ಮಂಚ, ಕೆಂಪು ಕೌದಿ. ಓಣಿಯ ಅಜ್ಜಿಯರೆಲ್ಲ ಒಂದೇ ಅಂಗಡಿಯಲ್ಲಿ ಕೌದಿ ಕೊಂಡಿರಬೇಕೆಂದು ನಾನು ಅಂದುಕೊಂಡೆನೆಂದರೆ ನನ್ನ ಜಾಣತನ ಎಷ್ಟೆಂದು ತಿಳಿಯಿರಿ.

ನಾಲ್ಕನೆಯ ಮನೆಯಲ್ಲಿ ಅಜ್ಜಿ ತಾನೇ ಕೌದಿ ಸರಿಸಿ ನನ್ನನ್ನು ನೋಡಿದಳು.

“ಬೇಟಾ, ಇನ್ನ ಎಷ್ಟ ಮನಿ ಉಳದಾವ? ನನಗ ಹಸಿವ್ಯಾಗ್ಯಾದ.”

ಹಿತ್ತಲ ಗೋಡೆ ಬಿದ್ದ ಜಾಗದಿಂದ ಮಂಚ ಸಮೇತ ಅವಳನ್ನು ಮನೆಯಿಂದ ಮನೆಗೆ ಹೊತ್ತು ತಂದಿದ್ದರು. ನನಗೆ ಸಿಟ್ಟು ನೆತ್ತಿಗೇರಿತು. ನಾಲ್ಕೂ ಮನೆಯವರನ್ನು ಕರೆದು ನಿಲ್ಲಿಸಿ ಶಿಕ್ಷೆಯ ಮಾತು ಮತ್ತೆ ಓದಿದೆ. ಈಕೆ ಯಾರ ಮನೆಯವಳು, ಖರೇ ಹೇಳಿ ಎಂದೆ. ನಾಲ್ವರೂ ನಮ್ಮವಳೇ ಎಂದರು. ಆಮೇಲೆ ಅವರಲ್ಲಿ ಹಿರಿಯರೊಬ್ಬರು, ಲಿಂಗಾಯತರು, ಮೆಲ್ಲಗೆ ವಿಷಯ ತಿಳಿಸಿದರು. ಅಜ್ಜಿಯ ಮಕ್ಕಳು ಗಲಾಟೆಯ ದಿನಗಳಲ್ಲಿ ಜೀವ ಉಳಿಸಿಕೊಳ್ಳಲು ಹೈದರಾಬಾದಿಗೆ ಹೋದವರು ತಿರುಗಿ ಬರಲಿಲ್ಲ. ಅಂದಿನಿಂದ ಈ ನಾಲ್ಕು ಮನೆಯವರು, ಎರಡು ಹಿಂದೂ ಮನೆ, ಎರಡು ಮುಸಲ್ಮಾನರ ಮನೆ, ಪಾಳಿಯ ಮೇಲೆ ಅವಳಿಗೆ ಊಟ ಹಾಕುತ್ತಿದ್ದರು. ಸುಳ್ಳು ಹಿಡಿಯಲು ಹೋಗಿದ್ದ ನಾನು ಶಿಕ್ಷೆಯ ಹಾಳೆಯನ್ನು ಮಡಿಸಿ ಒಳಗಿಟ್ಟೆ.

ಆದರೂ ದಫ್ತರದಲ್ಲಿ ಒಂದೇ ಕಡೆ ಬರೆಯಬೇಕಲ್ಲ. ನೀನೇ ಹೇಳಮ್ಮಾ, ಯಾರ ಮನೆಯಲ್ಲಿ ಬರೆಯಲಿ ಎಂದು ಕೇಳಿದೆ. ಅಜ್ಜಿ ನಾಲ್ಕೂ ದಿಕ್ಕಿಗೆ ಮೂಗು ತಿರುಗಿಸಿ ವಾಸನೆ ನೋಡಿ, ಎರಡನೆಯ ಮನೆಯಲ್ಲಿ ಬರೆಯಲು ಹೇಳಿದಳು. ಅಲ್ಲಿ ಆವತ್ತು ಬೇಳೆಹೋಳಿಗೆ ಬೇಯುತ್ತಿತ್ತು.

೩. ಸಾಹುಕಾರರ ಧೋತರ

ಔರಾದ ಕಡೆಯ ಒಬ್ಬ ಮಾಸ್ತರರಿಗೆ ಜ್ವರ ಬಂದು, ಎರಡು ದಿನದ ಮಟ್ಟಿಗೆ ನನ್ನನ್ನು ಬಸ್ಸು ಹತ್ತಿಸಿ ಠಾಣಾ ಕುಶನೂರಕ್ಕೆ ಕಳಿಸಿದರು. ಬಸ್ಸಿಗಿಂತ ಮೊದಲೇ ಅಲ್ಲಿಗೆ ಸುದ್ದಿ ಮುಟ್ಟಿತ್ತು. ಈ ಸಲದ ಸುದ್ದಿ ಬೇರೆ: ಆದಾಯ ಬರೆದುಕೊಂಡು ಹೋಗಿ ಕರ ಹಾಕುತ್ತಾರಂತೆ.

ಊರಿನ ದೊಡ್ಡ ಸಾಹುಕಾರರು ನೂರಾರು ಚೀಲ ತೊಗರಿ ಬೆಳೆಯುವವರು. ಬಡವನಾಗಿ ಕಾಣಬೇಕೆಂದು ಅವರು ತಮ್ಮ ಆಳಿನ ಹರಕು ಧೋತರ ಉಟ್ಟು, ಹರಕು ಅಂಗಿ ತೊಟ್ಟರು. ಆಳಿಗೆ ಇದ್ದದ್ದು ಅದೊಂದೇ ಜೊತೆ. ಅವನು ಬತ್ತಲೆ ನಿಲ್ಲುವ ಹಾಗಿಲ್ಲವಾದ್ದರಿಂದ ಸಾಹುಕಾರರ ಜರಿಯಂಚಿನ ಧೋತರ ಉಟ್ಟುಕೊಂಡ. ಅಂಗಿ ತೊಟ್ಟ, ರುಮಾಲನ್ನೂ ಸುತ್ತಿದ. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ನಾನು ಒಳಗೆ ಹೋದಾಗ ಕಂಡದ್ದು ಇಷ್ಟೇ: ಜರಿ ರುಮಾಲಿನ ಒಬ್ಬರು ನಿಂತಿದ್ದಾರೆ, ಹರಕು ಧೋತರದ ಒಬ್ಬ ಮೂಲೆಯಲ್ಲಿ ಕೂತಿದ್ದಾನೆ. ನಾನು ರುಮಾಲಿನವರಿಗೆ ಕೈಮುಗಿದು, ಕೂತುಕೊಳ್ಳಿ ಸಾಹುಕಾರ್ರೇ ಎಂದೆ.

ಆಳು ಒಂದು ಗಳಿಗೆ ಮೂಲೆಯ ಕಡೆ ನೋಡಿದ. ಮೂಲೆಯಲ್ಲಿದ್ದವರು ಬಾಯಿ ಬಿಟ್ಟರೆ ಗುಟ್ಟು ರಟ್ಟಾಗುತ್ತದೆಂದು ಸುಮ್ಮನಿದ್ದರು. ಆಳು ಗಾದಿಯ ಮೇಲೆ ಹೋಗಿ ಕೂತ, ಲೋಡುದಿಂಬಿಗೆ ಒರಗಿದ.

ಹೊಲ ಎಷ್ಟು ಎಂದು ಕೇಳಿದರೆ ಅವನು ಒಂದೊಂದು ಹೊಲದ ಹೆಸರು ಹಿಡಿದು, ಅದರ ಕಲ್ಲು ಮಣ್ಣಿನ ಸಮೇತ ಹೇಳಿದ. ಉತ್ತವನು ಅವನೇ ಅಲ್ಲವೇ. ಎಷ್ಟು ಚೀಲ ತೊಗರಿ, ಎಷ್ಟು ಜೋಳ, ನೆಲದಡಿ ಎಷ್ಟು ಹಗೇವು ಕಾಳಿನಿಂದ ತುಂಬಿದೆ, ಯಾವ ಹಗೇವನ್ನು ಯಾರಿಗೂ ಕಾಣದ ಹಾಗೆ ಮುಚ್ಚಿದೆ, ಎಲ್ಲವನ್ನೂ ಹೇಳಿದ. ಮೂಲೆಯಲ್ಲಿದ್ದ ಹರಕು ಧೋತರದವರು ಕೆಮ್ಮತೊಡಗಿದರು. ಹಾಳೆಯಲ್ಲಿ ಮುಂದಿನ ಪ್ರಶ್ನೆ, ಕೈಕೆಳಗೆ ದುಡಿಯುವವರು ಎಷ್ಟು ಜನ ಎಂಬುದು.

“ಒಬ್ಬ ಇದ್ದಾನ್ರಿ. ಅಕಾ, ಮೂಲ್ಯಾಗ ಕುಂತಾನ ನೋಡ್ರಿ. ಬರೇ ಕೆಮ್ಮತಾನ, ಕೆಲಸ ಮಾಡಾಂಗಿಲ್ಲ.”

ಅವನಿಗೆ ಏನು ಕೊಡುತ್ತೀರಿ ಎಂದು ಕೇಳಿದೆ. ಆಳು ಜರಿಯಂಚು ನೇವರಿಸಿಕೊಂಡು, ಈವರೆಗೆ ವರ್ಷಕ್ಕೊಂದು ಧೋತರ, ಎರಡು ಹೊತ್ತಿನ ರೊಟ್ಟಿ ಅಷ್ಟೇ ಕೊಟ್ಟಿದ್ದೇನೆ, ಅದು ಬಹಳ ಅನ್ಯಾಯ ಅಂತ ಇವತ್ತು ಅನಿಸುತ್ತಿದೆ, ಮುಂದಿನ ತಿಂಗಳಿಂದ ದುಪ್ಪಟ್ಟು ಮಾಡುತ್ತೇನೆ, ಸರಕಾರದ ಕಾಗದದಲ್ಲಿ ಹಾಗೇ ಬರೆದುಕೊಳ್ಳಿ ಎಂದ. ನಾನು ಬರೆದುಕೊಂಡು, ಮೂಲೆಯಲ್ಲಿದ್ದವರ ಕಡೆ ತಿರುಗಿ, ಇಂಥ ಧಣಿ ಸಿಕ್ಕಿದ್ದು ನಿನ್ನ ಪುಣ್ಯ ಎಂದು ಹೇಳಿ ಬಂದೆ.

೪. ನೆರೆಮನೆಯ ಕೈ

ಬೀದರಿಗೆ ಮರಳಿದ ಮೇಲೆ ಉಳಿದದ್ದು ಒಂದು ಓಣಿ. ಅಲ್ಲಿ ನಲವತ್ತೇಳನೇ ನಂಬರಿನ ಮನೆ ಒಬ್ಬ ಹಿತ್ತಾಳೆ ಪಾತ್ರೆ ಅಂಗಡಿಯವರದು. ಬಾಗಿಲ ಮೇಲೆ ನಂಬರು ಬರೆಯುವಾಗ ಬ್ರಷ್ಷು ಜಾರಿ ನಾಲ್ಕು ಕುಡಿದವನ ಹಾಗೆ ವಾಲಿತು. ಶಿಕ್ಷೆಯ ಮಾತು ಓದಿದ್ದೇ ಅಂಗಡಿಯವರ ಮುಖ ಬಿಳಿಚಿಕೊಂಡಿತು. ಮನೆಯಲ್ಲಿ ಎಷ್ಟು ಜನ ಎಂದರೆ, ಇಬ್ಬರೇ, ನಾನು ಮತ್ತು ಇವಳು ಎಂದು ಎದುರಿಗೆ ಕೂತಿದ್ದ ಹೆಂಡತಿಯನ್ನು ತೋರಿಸಿದರು. ಆದಾಯ? ಅಂಗಡಿ ಹೆಸರಿಗಷ್ಟೇ, ಉಪ್ಪಿಗೆ ಆದರೆ ಎಣ್ಣೆಗೆ ಇಲ್ಲ ಎಂದರು.

ಬಿಸಿಲಲ್ಲಿ ಬಂದಿದ್ದೆ, ನೀರು ಕೇಳಿದೆ. ಅಡುಗೆಮನೆಯ ಪರದೆಯ ಹಿಂದಿನಿಂದ ಹಸಿರು ಬಳೆಯ ಒಂದು ಕೈ ಹಿತ್ತಾಳೆ ತಂಬಿಗೆ ಹಿಡಿದುಕೊಂಡು ಹೊರಬಂತು. ಗಂಡ ಹೆಂಡತಿ ಇಬ್ಬರೂ ನನ್ನ ಎದುರಿಗೇ ಇದ್ದರು. ಈ ಕೈ ಯಾರದು ಎಂದು ಕೇಳಿದೆ.

“ಅದು ನೆರಮನಿಯವರ ಕೈ ರೀ,” ಎಂದರು ಅಂಗಡಿಯವರು.

ಕೈ ಒಂದು ಕ್ಷಣ ಗಾಳಿಯಲ್ಲೇ ನಿಂತು, ತಂಬಿಗೆಯನ್ನು ನೆಲದ ಮೇಲೆ ಸ್ವಲ್ಪ ಜೋರಾಗಿಯೇ ಕುಕ್ಕಿ ಒಳಗೆ ಹೋಯಿತು. ನಾನು ಇಬ್ಬರು ಎಂದು ಬರೆದುಕೊಂಡೆ. ಬಿಸಿಲಿನ ದಣಿವೋ, ನೀರಿನ ತಂಪೋ, ಹೋಗುವ ಮುಂಚೆ ಅಂಗಡಿಯವರು ನಿಮ್ಮದು ಹೇಗೆ ನಡೆದಿದೆ ಮಾಸ್ತರ್ ಎಂದು ಕೇಳಿದ್ದೇ ತಡ, ನಾನು ಎದೆ ಬಿಚ್ಚಿ ಎಲ್ಲ ಹೇಳಿಕೊಂಡೆ. ಹಂಗಾಮಿ ಕೆಲಸ, ಮೂರು ತಿಂಗಳಿಂದ ಪಗಾರವಿಲ್ಲ, ಖಾನಾವಳಿಯವನು ಮುಖ ತಿರುಗಿಸುತ್ತಾನೆ, ಕಾಲಲ್ಲಿರುವ ಬೂಟು ಕೂಡ ಡ್ರಿಲ್ ಮಾಸ್ತರರದು. ಆ ಮನೆಗೂ ನನಗೂ ಮುಂದೆ ಏನು ಸಂಬಂಧ, ಹೇಳಿಕೊಂಡರೆ ಏನು ನಷ್ಟ ಎಂದು ನನ್ನ ಎಣಿಕೆ.

೫. ಹೆಣ್ಣು ನೋಡಿದ್ದು

ಗಣತಿಗೆ ಒಂದು ಕೊನೆಯ ಸುತ್ತು ಇರುತ್ತದೆ. ಮೊದಲು ಬರೆದುಕೊಂಡ ಮೇಲೆ ಆದ ಹೆಚ್ಚುಕಡಿಮೆಯನ್ನು ತಿದ್ದಿಕೊಳ್ಳಬೇಕು. ಅದಕ್ಕೆ ನಾಲ್ಕೇ ಕಾಲಮ್ಮು: ಹುಟ್ಟಿದವರು, ಸತ್ತವರು, ಬೇರೆ ಊರಿಂದ ಬಂದವರು, ಊರು ಬಿಟ್ಟು ಹೋದವರು. ಕೊನೆಯ ಓಣಿಯೊಂದು ಬಾಕಿ ಇತ್ತು, ಸೋಮವಾರ ದಫ್ತರ ಒಪ್ಪಿಸಬೇಕಿತ್ತು, ಅಲ್ಲಿಯವರೆಗೆ ಅದನ್ನು ಬಗಲಿನಿಂದ ಇಳಿಸಬಾರದೆಂದು ಹುಕುಂ ಆಗಿತ್ತು. ಭಾನುವಾರ ಬೆಳಿಗ್ಗೆ ಸೋದರಮಾವ ಮೆಹಕರದಿಂದ ಬಂದಿಳಿದರು.

ಬೀದರಿನಲ್ಲೇ ಒಂದು ಹೆಣ್ಣಿದೆ, ಒಳ್ಳೆಯ ಮನೆ, ದೊಡ್ಡ ವ್ಯಾಪಾರ, ನೀನು ಕಾಯಂ ಮಾಸ್ತರ ಎಂದು ಹೇಳಿಯಾಗಿದೆ, ನೀನು ಬಾಯಿ ಬಿಡಬೇಡ ಎಂದರು. ಡ್ರಿಲ್ ಮಾಸ್ತರರ ಬೂಟನ್ನು ಮತ್ತೆ ಕೇಳಿ ತಂದೆ. ಮಾವ ಮುಂದೆ, ನಾನು ದಫ್ತರ ಹೊತ್ತು ಹಿಂದೆ. ಪರಿಚಯದ ಓಣಿ ಬಂದಾಗಲೇ ನಾನು ಹೆಜ್ಜೆ ನಿಧಾನ ಮಾಡಿದೆ. ಬಾಗಿಲ ಮುಂದೆ ನಿಂತು ತಲೆಯೆತ್ತಿದರೆ ಕೆಮ್ಮಣ್ಣಿನಲ್ಲಿ ನನ್ನದೇ ಕೈಬರಹ, ವಾಲಿದ ನಾಲ್ಕು, ಪಕ್ಕದಲ್ಲಿ ಏಳು.

ಅಂಗಡಿಯವರು ನಗುತ್ತ ಹೊರಬಂದರು. ನನ್ನನ್ನು ನೋಡಿದ ಮೇಲೂ ನಗೆ ಮುಖದ ಮೇಲೇ ಉಳಿಯಿತು, ರಕ್ತ ಮಾತ್ರ ಇಳಿದುಹೋಯಿತು. ಆಮೇಲೆ ಅವರು ನನ್ನ ಬೂಟು ನೋಡಿದರು.

ಮಾವ ಶುರು ಮಾಡಿದರು. ಹುಡುಗ ಕಾಯಂ, ಎರಡು ವರ್ಷದಲ್ಲಿ ಹೆಡ್ ಮಾಸ್ತರ. ಅಂಗಡಿಯವರು ಬೂಟಿನಿಂದ ಕಣ್ಣು ತೆಗೆಯದೆ, ಪಗಾರ ತಿಂಗಳಾ ತಿಂಗಳಾ ಬರುತ್ತದೆಯೇ ಎಂದು ಕೇಳಿದರು. ಒಂದನೇ ತಾರೀಖಿಗೆ ಎಂದರು ಮಾವ. ನಾನು ಮಾಳಿಗೆಯ ತೊಲೆಗಳನ್ನು ಎಣಿಸುತ್ತಿದ್ದೆ. ಮುಂದಿನ ಸರದಿ ಅಂಗಡಿಯವರದು. ಮಾವ ವ್ಯಾಪಾರದ ಬಗ್ಗೆ ಕೇಳಿದರೆ, ಎರಡು ಅಂಗಡಿ ಇವೆ ಎಂದರು. ನನ್ನ ಬಗಲಿನ ದಫ್ತರ ಕಂಡು, ಒಂದು ಎಂದರು. ಪರದೆಯ ಹಿಂದೆ ಹೆಂಡತಿ ಕೆಮ್ಮಿದರು, ಅಂಗಡಿ ಮತ್ತೆ ಎರಡಾಯಿತು. ನಾನು ಸುಮ್ಮನೆ ಕೂತಲ್ಲೇ ಸರಿದು ಕೂತೆ, ಒಂದಾಯಿತು, ಅದೂ ಬಾಡಿಗೆಯದಾಯಿತು. ಇದೆಂಥ ವ್ಯಾಪಾರವೆಂದು ಮಾವ ನನ್ನ ಮುಖ ನೋಡಿದರು.

ಕೊನೆಗೆ ಮಾವ ಬೇಸತ್ತು, ಅದೆಲ್ಲ ಇರಲಿ, ಹುಡುಗಿಯನ್ನು ಕರೆಯಿರಿ ಎಂದರು. ಅಂಗಡಿಯವರು ಮತ್ತೆ ದಫ್ತರದ ಕಡೆ ನೋಡಿದರು. ಮನೆಯಲ್ಲಿ ಇಬ್ಬರೇ ಎಂದು ಸರಕಾರಕ್ಕೆ ಬರೆಸಿದ್ದರು, ಬರೆದುಕೊಂಡವನು ಎದುರಿಗೇ ಕೂತಿದ್ದ, ಶಿಕ್ಷೆಯ ಮಾತು ಕಿವಿಯಲ್ಲಿತ್ತು.

“ನಮ್ಮನ್ಯಾಗ ಹುಡುಗಿ ಇಲ್ರಿ,” ಎಂದರು.

“ಹುಡುಗಿ ಇಲ್ಲಂದ್ರ ನಾವು ಯಾರನ್ನ ನೋಡ್ಲಿಕ್ಕ ಬಂದೇವ್ರಿ? ನಿಮ್ಮನ್ನೇ?” ಎಂದರು ಮಾವ.

ಪರದೆ ಸರಿಯಿತು. ಹಸಿರು ಬಳೆಯ ಕೈ ಮತ್ತೆ ಬಂತು, ಈ ಸಲ ಅದರ ಹಿಂದೆ ಪೂರ್ತಿ ಮನುಷ್ಯಳೂ ಬಂದಳು. ಅವಲಕ್ಕಿ ಚೂಡಾದ ತಾಟನ್ನು ನೆಲಕ್ಕಿಟ್ಟು ತಂದೆಯ ಕಡೆ ತಿರುಗಿದಳು. “ಅಪ್ಪಾ, ಗಲಾಟಿ ವರ್ಷದಿಂದ ನಾ ಈ ಮನ್ಯಾಗ ಇದ್ದೂ ಇಲ್ಲದಾಕಿ ಆಗೇನಿ. ಇನ್ನ ಸಾಕು.” ಆಮೇಲೆ ನನ್ನ ಕಡೆ ನೋಡಿದಳು. “ಅವತ್ತ ನೀರು ಕೊಟ್ಟಾಕಿ ನಾನೇ ರೀ. ನೋಡೋದು ಆಮ್ಯಾಲ ನೋಡೀರಂತ. ಮದಲ ನನ್ನ ಬರೀರಿ.”

ನಗುವ ಪ್ರಸಂಗವೇ ಆದರೂ ಅಲ್ಲಿ ನನಗೆ ನಗು ಬರಲಿಲ್ಲ. ಗಲಾಟೆಯ ದಿನಗಳಲ್ಲಿ ಯಾರ ಪಟ್ಟಿ ಯಾರ ಕೈಗೆ ಹೋಗುತ್ತದೋ ಎಂಬ ಭಯಕ್ಕೆ ಅಂಗಡಿಯವರು ಮಗಳನ್ನು ಊರೂರು ನೆಂಟರ ಮನೆಯಲ್ಲಿ ಬಚ್ಚಿಟ್ಟಿದ್ದರಂತೆ. ಆ ಭಯ ಆಗ ಎಲ್ಲ ಮನೆಗಳಲ್ಲೂ ಇತ್ತು, ಇವರ ಮನೆಯಿಂದ ಮಾತ್ರ ಹೊರಗೆ ಹೋಗಿರಲಿಲ್ಲ. ನಾನು ಆ ತನಕ ಅಷ್ಟು ಮನೆ ತಿರುಗಿದ್ದೆ. ಕೆಲವರು ಅಕ್ಕಿಗೆ ಹೆಚ್ಚಾಗಿದ್ದರು, ಕೆಲವರು ಕರಕ್ಕೆ ಕಡಿಮೆಯಾಗಿದ್ದರು, ನನ್ನನ್ನು ಬರೆಯಿರಿ ಎಂದು ಕೇಳಿದವಳು ಇವಳೊಬ್ಬಳೇ. ನನಗೆ ಅವಳು ಅಲ್ಲೇ ಮನಸ್ಸಿಗೆ ಬಂದಳು.

ದಫ್ತರ ಬಿಚ್ಚಿದೆ. ಅಜ್ಜಿಯ ಓಣಿಯ ಹಾಳೆಯಲ್ಲಿ ಹೊಡೆದು ತಿದ್ದಿದ್ದೇ ಸಾಕಾಗಿತ್ತು, ಇಲ್ಲೂ ಮೊದಲನೆಯ ಬರಹವನ್ನು ಹೊಡೆದರೆ ದಫ್ತರ ಹೊಲಸಾಗುತ್ತದೆ, ಕಾಯಂ ಪಟ್ಟಿಯಿಂದ ಹೆಸರು ಹೋಗುತ್ತದೆ. ಉಳಿದದ್ದು ಕೊನೆಯ ಸುತ್ತಿನ ನಾಲ್ಕು ಕಾಲಮ್ಮು. ಬೇರೆ ಊರಿಂದ ಬಂದಿದ್ದೀರಾ ಎಂದು ಕೇಳಿದೆ. ಎರಡು ವರ್ಷದಿಂದ ಹೊಸ್ತಿಲು ದಾಟಿಲ್ಲ ಎಂದಳು. ಸತ್ತವರ ಕಾಲಮ್ಮು ಆಗದು, ಹೋದವರದೂ ಆಗದು. ನಾನು ಹುಟ್ಟಿದವರ ಕಾಲಮ್ಮಿನಲ್ಲಿ ಒಂದು ಎಂದು ಬರೆದು, ಅವಳನ್ನೇ ಕೇಳಿ ಪಕ್ಕದಲ್ಲಿ ವಯಸ್ಸು ಹದಿನೆಂಟು, ಓದು ಬರಹ ಬಲ್ಲಳು ಎಂದು ತುಂಬಿದೆ. ಮಾವ ಭುಜದ ಮೇಲಿಂದ ಬಗ್ಗಿ ಓದಿದರು.

“ಅಳಿಯಾ, ಹೆಣ್ಣು ನೋಡ್ಲಿಕ್ಕ ಬಂದು ಹೆಣ್ಣು ಹುಟ್ಟಿಸಿದೆಲ್ಲೋ.”

ಅವಳು ಇಷ್ಟು ಖರೇ ಹೇಳಿದ ಮೇಲೆ ನಾನು ಸುಮ್ಮನಿರುವುದು ಸರಿಯಲ್ಲವೆನಿಸಿ, ನಾನು ಕಾಯಂ ಅಲ್ಲ, ಬೂಟೂ ನನ್ನದಲ್ಲ ಎಂದೆ. ಅದು ತಮಗೆ ಗೊತ್ತಿರುವುದೇ ಎಂದರು ಅಂಗಡಿಯವರು. ಅವಳು ಮಾತ್ರ, ಬರೆಯಲಿಕ್ಕೆ ಬರುತ್ತದಲ್ಲ, ಸಾಕು ಎಂದಳು.

ಸೋಮವಾರ ತಹಸೀಲ್ ಕಚೇರಿಯಲ್ಲಿ ದೊಡ್ಡ ಗುಮಾಸ್ತರು ಎಲ್ಲರ ಎದುರಿಗೆ ಗಟ್ಟಿಯಾಗಿ ಓದಿದರು: ನಲವತ್ತೇಳನೇ ನಂಬರಿನ ಮನೆ, ಹುಟ್ಟು ಒಂದು, ವಯಸ್ಸು ಹದಿನೆಂಟು, ಓದು ಬರಹ ಬಲ್ಲಳು. ಪಕ್ಕದಲ್ಲಿ ಕೂತಿದ್ದ ಗಣತಿ ಅಧಿಕಾರಿಗಳು ಕನ್ನಡಕ ತೆಗೆದು ನನ್ನನ್ನು ನೋಡಿದರು. ಕೆಲಸ ಹೋಯಿತೆಂದುಕೊಂಡೇ ನಾನು ನಡೆದದ್ದನ್ನೆಲ್ಲ ಹೇಳಿದೆ. ಅವರು ಕನ್ನಡಕ ಮತ್ತೆ ಹಾಕಿಕೊಂಡು, ಮದುವೆ ಗೊತ್ತಾಯಿತೇ ಎಂದು ಕೇಳಿದರು. ಆದ ಹಾಗೆಯೇ ಎಂದೆ. ಹಾಗಾದರೆ ತಾಯಿ ಕೂಸು ಇಬ್ಬರೂ ಕ್ಷೇಮ ಎಂದು ಬರೆದುಕೊಳ್ಳಿ ಎಂದು ಗುಮಾಸ್ತರಿಗೆ ಹೇಳಿ ಮುಂದಿನ ಹಾಳೆ ತಿರುವಿದರು.

ಕಾಯಂ ಆಗುವುದನ್ನು ಕಾಯದೆ ಮದುವೆಯಾದೆವು. ಕಾಯಂ ಆದೇಶ ವರ್ಷಗಟ್ಟಲೆ ತಡವಾಗಿ ಬಂತು. ಬಂದ ಸ್ವಲ್ಪ ದಿನಕ್ಕೆ ಹೈದರಾಬಾದ್ ರಾಜ್ಯವನ್ನೇ ಒಡೆದು ಹಂಚಿದರು, ನನ್ನನ್ನು ಕಾಯಂ ಮಾಡಿದ ರಾಜ್ಯವೇ ಹಂಗಾಮಿಯಾಗಿತ್ತು.

ಮುಂದಿನ ಗಣತಿಗೆ ನಮ್ಮ ಮನೆಗೆ ಒಬ್ಬ ಎಳೆಯ ಮಾಸ್ತರ ಬಂದ. ಕಟ್ಟೆಯ ಮೇಲೆ ನಮ್ಮ ಮಾವನವರು, ಅದೇ ಅಂಗಡಿಯವರು, ಮೊಮ್ಮಕ್ಕಳಿಬ್ಬರನ್ನೂ ತೊಡೆಯ ಮೇಲೆ ಕೂಡಿಸಿಕೊಂಡಿದ್ದರು. ದಫ್ತರ ಕಂಡಿದ್ದೇ ಹಳೆಯ ರೂಢಿಯಂತೆ, ಮನೆಯಲ್ಲಿ ಇಬ್ಬರೇ ಎಂದುಬಿಟ್ಟರು. ನನ್ನ ಹೆಂಡತಿ ಒಳಗಿನಿಂದ ನೀರಿನ ತಂಬಿಗೆ ಹಿಡಿದು ಬಂದು, ಒಬ್ಬೊಬ್ಬರನ್ನೂ ಮುಟ್ಟಿ ತೋರಿಸಿ ಐವರನ್ನು ಬರೆಸಿದಳು. ಆಮೇಲೆ ಅವನು ಅವಳ ವಯಸ್ಸು ಕೇಳಿದ.

“ಹತ್ತು ಬರೀರಿ,” ಎಂದಳು.

ಅವನು ಮಕ್ಕಳನ್ನು ನೋಡಿದ, ಅವಳನ್ನು ನೋಡಿದ, ಪೆನ್ಸಿಲು ಎತ್ತಿಕೊಂಡೇ ಕೂತ.

“ಹೋದ ಸಲದ ದಫ್ತರ ತಗದ ನೋಡ್ರಿ, ನಾ ಹುಟ್ಟಿದ್ದು ಆವಾಗೇ. ಸಂಶೇ ಇದ್ದರ ಇವರನ್ನ ಕೇಳ್ರಿ,” ಎಂದು ನನ್ನ ಕಡೆ ಕೈ ಮಾಡಿದಳು. “ಹುಟ್ಟಿಸಿದವರು ಇವರೇ.”